ಮೀನಿನ ತೊಟ್ಟಿಗೆ ಗಿಡ ಕೊಳ್ಳುವ ಮುನ್ನ ಅದರ ಹೆಸರು ಕೇಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಅಕ್ವೇರಿಯಂ ಗಿಡ ಹುಡುಕುತ್ತಿರುವವರಿಗೆ ಹೇಳುತ್ತಿದ್ದೇನೆ: ಅಂಗಡಿಯ ತೊಟ್ಟಿಯಲ್ಲಿ ಮುಳುಗಿಸಿಟ್ಟ ಮಾತ್ರಕ್ಕೆ ಯಾವ ಗಿಡವೂ ನೀರೊಳಗಿನ ಗಿಡ ಆಗುವುದಿಲ್ಲ. ನಿಮ್ಮ ಕೈಗೆ ಬರುವುದು ಮನೆಯ ಕುಂಡಗಳಲ್ಲಿ ಬೆಳೆಸುವ ಸಿಂಗೋನಿಯಂ ಆಗಿರಬಹುದು, ಲಕ್ಕಿ ಬಾಂಬೂ ಆಗಿರಬಹುದು. ನನಗೆ ಮಾರಿದ್ದು ಪೀಸ್ ಲಿಲಿ, ಅದೂ ಕುಂಡದ ಗಿಡವೇ.

ನಮ್ಮ ತೊಟ್ಟಿ ಪಡಸಾಲೆಯ ಮೂಲೆಯಲ್ಲಿದೆ. ಮುಚ್ಚಳದಲ್ಲಿರುವ ಸಣ್ಣ ಎಲ್‌ಇಡಿ ದೀಪ ಬಿಟ್ಟರೆ ಅಲ್ಲಿ ಬೇರೆ ಬೆಳಕಿಲ್ಲ. ಹಿಂಬದಿಯಲ್ಲಿ ಉದ್ದ ಹುಲ್ಲಿನಂಥ ನೀರುಗಿಡ ವ್ಯಾಲಿಸ್ನೇರಿಯಾ ಇತ್ತು. ಅದರ ಮುಂದಿನ ನಡುಭಾಗಕ್ಕೆ ಗೇಣುದ್ದ ಮೀರದ, ಕಡಿಮೆ ಬೆಳಕಿನಲ್ಲಿ ಬಾಳುವ ಗಿಡ ಬೇಕಿತ್ತು. ನೀರೊಳಗೆ ಬೆಳೆಯುವ ಕ್ರಿಪ್ಟೊಕೊರೈನ್ ವೆಂಡ್ಟಿ ಇದೆಯೇ ಎಂದು ಹೆಸರು ಹಿಡಿದೇ ಕೇಳಿದೆ. “ಅದೇ ಜಾತಿಯದು ಅಕ್ಕ, ಅದಕ್ಕಿಂತ ಗಟ್ಟಿ” ಎಂದು ಹೊಳೆಯುವ ಹಸಿರೆಲೆಗಳ ಗಿಡವೊಂದನ್ನು ಕೊಟ್ಟರು. ಮಾತು ಪೂರ್ತಿ ಸುಳ್ಳೂ ಅಲ್ಲ, ಎರಡೂ ಕೆಸುವಿನ ಕುಟುಂಬದವೇ. ಆ ಲೆಕ್ಕದಲ್ಲಿ ಸುವರ್ಣಗಡ್ಡೆಯೂ ಅದೇ ಜಾತಿ!

ಮೊದಲ ಕೆಲವು ವಾರ ಗಿಡ ಚೆನ್ನಾಗಿಯೇ ಕಾಣಿಸಿತು. ಇಂಥ ಗಿಡಗಳ ಮೋಸ ಇರುವುದೇ ಇಲ್ಲಿ. ಕೂಡಿಟ್ಟುಕೊಂಡ ಶಕ್ತಿಯ ಮೇಲೆ ಅವು ಸ್ವಲ್ಪ ಕಾಲ ಹಸಿರಾಗಿರುತ್ತವೆ. ಗಾಳಿಯಲ್ಲಿ ಉಸಿರಾಡಲು ರೂಪುಗೊಂಡ ಎಲೆಗೆ ನೀರಿನಲ್ಲಿ ಕರಗಿರುವ ಅಲ್ಪ ಇಂಗಾಲದ ಡೈಆಕ್ಸೈಡ್ ಸಾಲದು, ನೀರೊಳಗೆ ಬಾಳಬಲ್ಲ ಹೊಸ ಎಲೆಯನ್ನು ಬಿಡುವುದೂ ಅದಕ್ಕೆ ಬಾರದು. ಕೊನೆಗೆ ಬುಡದಿಂದ ಕೊಳೆಯುತ್ತದೆ. ಎಲೆ ಹಳದಿಯಾದಾಗ ಅಂಗಡಿಯವರನ್ನೇ ಕೇಳಿದೆ. “ಟಾನಿಕ್ ಹಾಕಿರಿ, ಲೈಟ್ ಜಾಸ್ತಿ ಹೊತ್ತು ಹಚ್ಚಿರಿ” ಎಂದು ಒಂದು ಬಾಟಲಿಯನ್ನೂ ಮಾರಿದರು. ಸಾಯುತ್ತಿರುವ ಗಿಡ ಗೊಬ್ಬರವನ್ನು ಹೀರುವುದಿಲ್ಲ, ಪಾಚಿ ಹೀರುತ್ತದೆ. ಗಾಜೆಲ್ಲ ಹಸಿರು ಲೋಳೆಯಾಯಿತು.

ಆಮೇಲೆ ಒಂದು ಬೆಳಿಗ್ಗೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕೊಳೆತ ಗಿಡದಿಂದ ಅಮೋನಿಯಾ ಹೆಚ್ಚುತ್ತದೆ, ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ಕಬಳಿಸುತ್ತದೆ. ನಮ್ಮ ಊರಿನಲ್ಲಿ ಇದು ಇನ್ನೂ ಕೆಟ್ಟದ್ದು. ನೀರು ಬಿಸಿಯಾದಷ್ಟೂ, ಕ್ಷಾರೀಯವಾದಷ್ಟೂ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಏಪ್ರಿಲ್‌ನ ಸೆಕೆ, ಬೋರ್‌ವೆಲ್‌ನ ಗಡಸು, ಕ್ಷಾರೀಯ ನೀರು ಎರಡೂ ನಮ್ಮ ತೊಟ್ಟಿಯಲ್ಲಿದ್ದವು. ತಕ್ಷಣ ಅರ್ಧ ನೀರು ಬದಲಿಸೋಣವೆಂದರೆ ನಲ್ಲಿಗೆ ನೀರು ಬರುವ ದಿನ ಅದಲ್ಲ. ಪ್ಲಾಟಿಗಳು ಉಳಿದವು, ಟೆಟ್ರಾಗಳಲ್ಲಿ ಒಂದೂ ಉಳಿಯಲಿಲ್ಲ.

ಗಿಡವನ್ನು ಗುರುತು ಹಿಡಿದದ್ದು ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾ. ಕಿತ್ತು ಬಕೆಟ್ಟಿನಲ್ಲಿ ಹಾಕಿದ್ದನ್ನು ನೋಡಿ, “ಇದು ನಮ್ಮ ಜಗುಲಿಯ ಕುಂಡದಲ್ಲಿ ಇರುವುದೇ ಅಲ್ಲವೇ? ಇದನ್ನು ಯಾಕೆ ಮುಳುಗಿಸಿ ಕೊಂದೆ?” ಎಂದರು. ಪ್ರಶ್ನೆ ನನಗಲ್ಲ, ಅಂಗಡಿಗೆ ಹೋಗಬೇಕಾದದ್ದು. ಅಲ್ಲಿ ಕೇಳಿದರೆ ಸಿಕ್ಕ ಉತ್ತರ, “ನಿಮ್ಮ ನೀರು ಸರಿ ಇಲ್ಲ.”

ಹೆಸರಿಲ್ಲದೆ ಮಾರುವ ಗಿಡ ಬೇಡ. “ಅಕ್ವಾ ಪ್ಲಾಂಟ್” ಎಂಬುದು ಹೆಸರಲ್ಲ. ಹೆಸರು ಹೇಳಿದರೆ ಅಲ್ಲೇ ನಿಂತು ಮೊಬೈಲ್‌ನಲ್ಲಿ ಚಿತ್ರ ಹೋಲಿಸಿ ನೋಡಿ. ಬಿಳಿ ಪಟ್ಟೆಯ ಎಲೆ, ಕಣ್ಣು ಕುಕ್ಕುವ ಗುಲಾಬಿ ಎಲೆ ಕಂಡರೆ ಇನ್ನಷ್ಟು ಅನುಮಾನಪಡಿ. ಸ್ಪೈಡರ್ ಪ್ಲಾಂಟ್, ಮೊಂಡೋ ಗ್ರಾಸ್, ಅಗ್ಲೋನಿಮಾಗಳೂ ಹೀಗೆ ತೊಟ್ಟಿಗೆ ಬೀಳುತ್ತವೆ. ನೀರಿನಿಂದ ಎತ್ತಿದಾಗ ಎಲೆ ಸೆಟೆದು ನಿಂತರೆ ಅದು ನೆಲದ ಗಿಡ ಎಂದು ಕೆಲವರು ಹೇಳುತ್ತಾರೆ. ಅದನ್ನೊಂದೇ ನಂಬಬೇಡಿ, ನೀರೊಳಗೆ ಬಾಳುವ ಅನೂಬಿಯಸ್‌ ಗಿಡದ ಎಲೆಯೂ ಸೆಟೆದೇ ಇರುತ್ತದೆ. ಅಂದ ಹಾಗೆ, ಅನೂಬಿಯಸ್ ಮತ್ತು ಜಾವಾ ಫರ್ನ್ ಕೂಡ ಕಡಿಮೆ ಬೆಳಕಿಗೆ ಒಳ್ಳೆಯವು. ಶುಂಠಿಯಂತೆ ಅಡ್ಡಡ್ಡ ಬೆಳೆಯುವ ಅವುಗಳ ಕಾಂಡವನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು.

ಕೊನೆಗೆ ನಿಜವಾದ ವೆಂಡ್ಟಿ ಸಿಕ್ಕಿತು. ಶ್ರೀಲಂಕಾ ಮೂಲದ ಗಿಡ, ನಮ್ಮ ಗಡಸು ನೀರನ್ನೂ ತಾಳಿಕೊಂಡಿದೆ. ಆದರೆ ಇದೂ ನೆಟ್ಟ ಹೊಸತರಲ್ಲಿ ಹೆದರಿಸುತ್ತದೆ. ನರ್ಸರಿಗಳಲ್ಲಿ ಕ್ರಿಪ್ಟೊಕೊರೈನ್‌ಗಳನ್ನು ಸಾಮಾನ್ಯವಾಗಿ ಎಲೆಗಳು ನೀರಿನಿಂದ ಹೊರಗಿರುವಂತೆ ಬೆಳೆಸುವುದರಿಂದ, ಮುಳುಗಿಸಿದಾಗ ಹಳೆಯ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ ಕರಗಿಹೋಗುತ್ತವೆ. ಆಗ ಕಿತ್ತೆಸೆಯಬೇಡಿ. ಬುಡವನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದು ಬೇರು ಬೆಳ್ಳಗಿದ್ದರೆ ಗಿಡ ಬದುಕಿದೆ, ಕೆಲವು ವಾರಗಳಲ್ಲಿ ನಡುವಿನಿಂದ ಹೊಸ ಎಲೆ ಬರುತ್ತದೆ. ಕರಗಿದ ಎಲೆಗಳನ್ನು ಕತ್ತರಿಸಿ ತೆಗೆಯುತ್ತಿರಿ, ಜಾಗ ಮಾತ್ರ ಬದಲಿಸಬೇಡಿ. ಬುಡ ಮೆತ್ತಗಾಗಿ, ಬೇರು ಕಪ್ಪಾಗಿ ಕೆಟ್ಟ ವಾಸನೆ ಬಂದರೆ ಅದೇ ದಿನ ಹೊರಗೆ ತೆಗೆಯಿರಿ.

ಈಗಾಗಲೇ ಪೀಸ್ ಲಿಲಿಯನ್ನು ತಂದು ಮುಳುಗಿಸಿದ್ದರೆ, ಕೊಳೆಯುವ ಮೊದಲೇ ಮೇಲಕ್ಕೆತ್ತಿ. ಬೇರು ಮಾತ್ರ ನೀರಿನಲ್ಲಿದ್ದು, ಬುಡ ಮತ್ತು ಎಲೆಗಳು ಹೊರಗಿರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿದರೆ ಅದು ಬದುಕುತ್ತದೆ, ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನೂ ಹೀರಿಕೊಳ್ಳುತ್ತದೆ.