ಬೆಳಗಾವಿಯಲ್ಲೇ ಇಮ್ಯುನೊಥೆರಪಿ: ಡೇಕೇರ್ ವಾರ್ಡ್ ಹೇಗಿದೆ

ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಚಿಕಿತ್ಸೆ) ಅಂದ ಕೂಡಲೇ ಮುಂಬೈಗೆ ಹೋಗಬೇಕು ಅಂತ ನಮ್ಮ ಕಡೆ ಜನ ಗಾಬರಿಯಾಗುತ್ತಾರೆ. ಬೆಳಗಾವಿಯಲ್ಲೇ ಆಗುತ್ತದೆ. ನಿಪ್ಪಾಣಿ ಕಡೆಯ ನಮ್ಮ ಕಾಕಾಗೆ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಡೇಕೇರ್ ವಾರ್ಡ್‌ನಲ್ಲಿ ಮಾಡಿಸುತ್ತಿದ್ದೇವೆ. ಬಾಯಿ ಕ್ಯಾನ್ಸರ್, ಆಪರೇಷನ್, ರೇಡಿಯೇಷನ್ ಎಲ್ಲ ಆದ ಮೇಲೆ ಮತ್ತೆ ಬಂದಿದೆ. ತಂಬಾಕಿನ ಸೀಮೆ ನಮ್ಮದು, ಇಂಥ ಮನೆಗಳು ಎಷ್ಟೋ ಇವೆ.

ಡಾಕ್ಟರ್‌ಗೆ ಪೂರ್ತಿ ಅಂಕ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡೋ ಟಿ ಸೆಲ್ ಅನ್ನೋ ಕಣಗಳಿಗೆ ಪಿಡಿ-1 ಅನ್ನೋ ಬ್ರೇಕ್ ಇರುತ್ತದೆ, ಕ್ಯಾನ್ಸರ್ ಅದನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ, ಕಾಕಾಗೆ ಕೊಡೋ ನಿವೊಲುಮ್ಯಾಬ್ ಅನ್ನೋ ಔಷಧಿ ಆ ಬ್ರೇಕ್ ಬಿಡಿಸುತ್ತದೆ ಅಂತ ಕಾಕಾನ ಮುಂದೆಯೇ ಕೂತು ಹೇಳಿದರು. ಇಂಥ ಕೆಲಸಕ್ಕೇ 2018ರಲ್ಲಿ ನೊಬೆಲ್ ಬಂದಿದೆ ಅಂತ ಗೊತ್ತಾದ ಮೇಲೆ ಮನೆಯವರಿಗೂ ಧೈರ್ಯ ಬಂತು.

ಖರ್ಚಿನ ಮಾತು ಮುಖ್ಯ. ಸಾಮಾನ್ಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಅದು ನಮ್ಮಂಥವರಿಗೆ ಆಗದ ಮಾತು. ಮುಂಬೈನ ಟಾಟಾ ಮೆಮೋರಿಯಲ್‌ನವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು, ಜೊತೆಗೆ ಕ್ಯಾನ್ಸರ್ ಚಿಕಿತ್ಸೆಯ ಗುಳಿಗೆ ಕೊಟ್ಟು ನೋಡಿದ್ದಾರೆ. ಅವರೂ ತಲೆ-ಕುತ್ತಿಗೆ ಕ್ಯಾನ್ಸರ್‌ನವರೇ, ಬಾಯಿ ಕ್ಯಾನ್ಸರ್ ಇದರಲ್ಲೇ ಬರುತ್ತದೆ. ಬರೀ ಗುಳಿಗೆ ತಗೊಂಡವರಲ್ಲಿ ಒಂದು ವರ್ಷ ದಾಟಿ ಬದುಕಿದವರು ನೂರಕ್ಕೆ ಸುಮಾರು 16, ಸಣ್ಣ ಡೋಸ್ ನಿವೊಲುಮ್ಯಾಬ್ ಸೇರಿಸಿದಾಗ ಸುಮಾರು 43. ಪೂರ್ತಿ ಗುಣ ಅಂತ ಯಾರಾದರೂ ಅಂದರೆ ನಂಬಬೇಡಿ. ಆದರೆ ಆ ಫರಕು ಸಣ್ಣದಲ್ಲ ಅಲ್ವಾ? ಕಾಕಾಗೂ ಇದೇ ಸಣ್ಣ ಡೋಸ್.

ನರ್ಸ್ ಅಕ್ಕಾರು ನನಗೆ ಇನ್ನೂ ಜಾಸ್ತಿ ಹಿಡಿಸಿದರು. ಈ ಔಷಧಿಯಿಂದ ಮೈಯ ರೋಗನಿರೋಧಕ ಶಕ್ತಿ ನಮ್ಮ ಕರುಳು, ಪುಪ್ಪುಸ, ಥೈರಾಯ್ಡ್ ಮೇಲೂ ತಿರುಗಿ ಬೀಳಬಹುದು. ಹಂಗಾಗಿ ಜುಲಾಬು, ದಮ್ಮು, ಒಣಕೆಮ್ಮು, ಮೈಮೇಲೆ ಗಂಧೆ ಕಂಡರೆ ಊರಲ್ಲಿ ಗುಳಿಗೆ ನುಂಗಿ ಸುಮ್ನೆ ಕೂರಬೇಡಿ, ಮೊದಲು ನಮಗೆ ಫೋನ್ ಮಾಡಿ ಅಂತ ಕನ್ನಡ, ಮರಾಠಿ ಎರಡರಲ್ಲೂ ಚೀಟಿ ಬರೆದು ಕೊಟ್ಟರು. ರಾತ್ರಿ ಫೋನ್ ಮಾಡಿದಾಗಲೂ ಎತ್ತಿದ್ದಾರೆ.

ಬಿಲ್ಲಿಂಗ್ ಕೌಂಟರ್ ಮಾತ್ರ ಬೇಜಾರು. ಔಷಧಿ ಬರೋದು 40 ಮತ್ತು 100 ಮಿಲಿಗ್ರಾಂ ಬಾಟಲಿಯಲ್ಲಿ. ಸಣ್ಣ ಡೋಸ್‌ನ ಇಬ್ಬರು ಒಂದೇ ದಿನ ಬಂದರೆ ಒಂದು ಬಾಟಲಿ ಹಂಚಿಕೊಳ್ಳಬಹುದು. ಇದನ್ನು ಅಲ್ಲಿ ಯಾರೂ ಹೇಳಲಿಲ್ಲ, ಮೊದಲ ಸಲ ಪೂರ್ತಿ ಬಾಟಲಿಯ ದುಡ್ಡು ಕಟ್ಟಿದೆವು. ಆಮೇಲೆ ಅದೇ ಅಕ್ಕಾರು ಇನ್ನೊಬ್ಬ ಪೇಷಂಟ್ ಜೊತೆ ದಿನ ಹೊಂದಿಸಿ ಕೊಟ್ಟರು. ನೀವು ಹೋದರೆ ಹಂಚಿಕೊಳ್ಳೋ ದಿನ ಯಾವುದು ಅಂತ ಮೊದಲೇ ಕೇಳಿ, ದುಡ್ಡು ಕಟ್ಟೋ ಮುಂಚೆ.