ಇಐಟಿ ಯಂತ್ರ ಕೊಳ್ಳುವ ಮೊದಲು ಅದರ ಬೆಲ್ಟ್ ನೋಡಿ

ಕಲಬುರಗಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಎದೆಗೆ ಬೆಲ್ಟ್ ಕಟ್ಟಿ ಶ್ವಾಸಕೋಶದ ಚಿತ್ರ ತೋರಿಸುವ ಇಐಟಿ (ಎಲೆಕ್ಟ್ರಿಕಲ್ ಇಂಪಿಡೆನ್ಸ್ ಟೊಮೊಗ್ರಫಿ) ಮಾನಿಟರ್ ನಮ್ಮಲ್ಲಿ ಬಂದು ಎರಡು ಬೇಸಿಗೆ ಕಳೆದವು. ಬೀದರ್, ಯಾದಗಿರಿ ಕಡೆಯ ಆಸ್ಪತ್ರೆಗಳಲ್ಲಿರುವ ಗೆಳತಿಯರು "ಹೆಂಗ ಅದ, ತಗೋಬಹುದೇನ?" ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪರದೆ ಎಷ್ಟು ದೊಡ್ಡದು, ಸೆಕೆಂಡಿಗೆ ಎಷ್ಟು ಚಿತ್ರ ಎಂಬುದೆಲ್ಲ ಕಂಪನಿಗಳ ಹಾಳೆಯಲ್ಲಿದೆ. ನಮ್ಮ ಬ್ರ್ಯಾಂಡ್ ಯಾವುದೆಂದು ಹೇಳುವುದಿಲ್ಲ. ಬೆಲ್ಟ್ ಕಟ್ಟುವ ಯಾವ ಇಐಟಿ ಕೊಳ್ಳುವವರೂ ಇದನ್ನು ಓದಲಿ.

ಮೊದಲು ಇದು ನನ್ನ ಮನಸ್ಸು ಗೆದ್ದ ರಾತ್ರಿಯ ಮಾತು. ಹಾವು ಕಡಿದು ಉಸಿರಾಟದ ಸ್ನಾಯುಗಳು ಸೋತು ಒಬ್ಬ ಹುಡುಗ ವೆಂಟಿಲೇಟರ್ ಮೇಲಿದ್ದ. ಬೆನ್ನು ಒರೆಸಿ, ಬೆಡ್‌ಶೀಟ್ ಬದಲಿಸಿ, ಮಗ್ಗುಲು ತಿರುಗಿಸಿದೆವು. ಆಕ್ಸಿಜನ್ ಸ್ಯಾಚುರೇಶನ್ ಚೆನ್ನಾಗಿಯೇ ಇತ್ತು, ಯಾವ ಅಲಾರಂ ಕೂಗಲಿಲ್ಲ. ಆದರೆ ಇಐಟಿ ಪರದೆಯ ಬಲ ಅರ್ಧ ಕಪ್ಪಾಗಿತ್ತು. ಗಾಳಿಯಾಡುವ ಕಡೆ ನೀಲಿ, ಆಡದ ಕಡೆ ಕಪ್ಪು. ಪರದೆಯ ಬಲ ಅಂದರೆ ರೋಗಿಯ ಎಡ. ಸಿಟಿ ಸ್ಕ್ಯಾನಿನ ಹಾಗೆ ಕಾಲ ಕಡೆಯಿಂದ ನೋಡಿದ ನೋಟ. ತಿರುಗಿಸುವಾಗ ಉಸಿರಾಟದ ಟ್ಯೂಬ್ ಒಳಕ್ಕೆ ಜಾರಿ ಬಲಗಡೆಯ ಶ್ವಾಸನಾಳದಲ್ಲಿ ಹೋಗಿ ಕೂತಿತ್ತು. ಬಲಗಡೆಯದು ಅಗಲ, ನೆಟ್ಟಗೂ ಇರುತ್ತದೆ, ಹಾಗಾಗಿ ಜಾರಿದ ಟ್ಯೂಬ್ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಸ್ಟೆತ್ ಇಟ್ಟು ಕೇಳಿದೆ, ಎಡಗಡೆ ಗಾಳಿಯ ಸಪ್ಪಳ ಕಡಿಮೆ. ಡಾಕ್ಟರ್ ಬಂದು ಟ್ಯೂಬಿನ ಸುತ್ತಲಿನ ಬಲೂನಿನ (ಕಫ್) ಗಾಳಿ ಇಳಿಸಿ ಟ್ಯೂಬನ್ನು ತುಸು ಹಿಂದಕ್ಕೆ ಎಳೆದರು. ಮುಂದಿನ ಉಸಿರುಗಳಲ್ಲೇ ಎಡಗಡೆ ನೀಲಿ ಮರಳಿತು. ಖಾತ್ರಿಪಡಿಸುವ ಎಕ್ಸ್‌ರೇ ಬಂದದ್ದು ಆಮೇಲೆ.

ಇದನ್ನೆಲ್ಲ ಮಾಡುವುದು ಆ ಬೆಲ್ಟ್. ನಮ್ಮದರಲ್ಲಿ 16 ಎಲೆಕ್ಟ್ರೋಡ್‌ಗಳಿವೆ, ಕೆಲವು ಕಂಪನಿಯವುಗಳಲ್ಲಿ 32. ಒಂದು ಜೋಡಿಯಿಂದ ರೋಗಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಬಿಟ್ಟು ಉಳಿದವುಗಳಲ್ಲಿ ವೋಲ್ಟೇಜ್ ಅಳೆಯುತ್ತದೆ, ಆಮೇಲೆ ಪಕ್ಕದ ಜೋಡಿ, ಹೀಗೆ ಎದೆಯ ಸುತ್ತ ತಿರುಗುತ್ತಲೇ ಇರುತ್ತದೆ. ಗಾಳಿ ತುಂಬಿದಾಗ ಶ್ವಾಸಕೋಶ ಕರೆಂಟಿಗೆ ಹೆಚ್ಚು ತಡೆ ಒಡ್ಡುತ್ತದೆ, ಗಾಳಿ ಹೋದಾಗ ತಡೆ ಇಳಿಯುತ್ತದೆ. ಆ ಏರಿಳಿತವನ್ನೇ ಚಿತ್ರ ಮಾಡಿ ತೋರಿಸುತ್ತದೆ. ವಿಕಿರಣವಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಬರ್ ಮತ್ತು ಬ್ರೌನ್ ಈ ವಿಧಾನಕ್ಕೆ ರೂಪ ಕೊಟ್ಟರು. ಅಷ್ಟು ಹಳೆಯ ಈ ವಿದ್ಯೆ ಈಗಲೂ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗಿದೆಯೋ ಇಲ್ಲವೋ ಎಂಬುದರ ಮೇಲೆಯೇ ನಿಂತಿದೆ.

ಹಾಗಾಗಿ ಬೆಲ್ಟ್ ಕಟ್ಟುವ ಕೆಲಸವನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಮೊದಲು ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಎದೆ, ಬೆನ್ನು ಒರೆಸಬೇಕು. ಜೇವರ್ಗಿ, ಅಫಜಲಪುರ ಕಡೆಯಿಂದ ಕರೆತರುವಾಗ ಮನೆಯವರು ದಾರಿಯುದ್ದಕ್ಕೂ ಎದೆಗೆ ಕೊಬ್ಬರಿ ಎಣ್ಣೆಯೋ ವಿಕ್ಸೋ ತಿಕ್ಕಿರುತ್ತಾರೆ. ಎಣ್ಣೆ ಉಳಿದರೆ ಎಲೆಕ್ಟ್ರೋಡ್ ಕೆಲಸ ಮಾಡುವುದಿಲ್ಲ. ಆಮೇಲೆ ಕರಡಿಗೆ. ಇಷ್ಟಲಿಂಗವನ್ನು ಮೈಯಿಂದ ದೂರ ಮಾಡುವ ಹಾಗಿಲ್ಲ, ಬೆಲ್ಟಿನ ಕೆಳಗೆ ಬೆಳ್ಳಿಯ ಕರಡಿಗೆ ಸಿಕ್ಕಿಕೊಳ್ಳುವ ಹಾಗೂ ಇಲ್ಲ. ಮನೆಯವರನ್ನು ಒಳಗೆ ಕರೆದು, ಅವರ ಕೈಯಿಂದಲೇ ಶಿವದಾರವನ್ನು ಮೇಲಕ್ಕೆ ಎಳೆಸಿ ಕೊರಳ ಹತ್ತಿರ ಇರಿಸುತ್ತೇವೆ. ದರ್ಗಾದಿಂದ ತಂದ ತಾಯಿತಕ್ಕೂ ಹೀಗೆಯೇ. ನಂತರ ಬೆರಳಿನಿಂದ ಪಕ್ಕೆಲುಬು ಎಣಿಸುತ್ತಾ ಇಳಿದು ನಾಲ್ಕು, ಐದನೆಯ ಎಲುಬುಗಳ ನಡುವಿನ ಸಂದು ಹುಡುಕುತ್ತೇನೆ. ಕೆಳಗೆ ಕಟ್ಟಿದರೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಚಿತ್ರದೊಳಗೆ ಬಂದು ಎಲ್ಲ ಕೆಡುತ್ತದೆ. ಕೊನೆಗೆ ಬೆಲ್ಟಿನ ಅಂಚಿಗೆ ಚರ್ಮದ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ. ಬೆಲ್ಟ್ ಎರಡು ಬೆರಳು ಜಾರಿದರೂ ನಿನ್ನೆಯ ಚಿತ್ರವನ್ನು ಇವತ್ತಿನದಕ್ಕೆ ಹೋಲಿಸುವ ಹಾಗಿಲ್ಲ.

ಇಷ್ಟು ಮಾಡಿದ ಮೇಲೂ ಪರದೆಯಲ್ಲಿ ಕೆಂಪು ಗುರುತು ಬರುತ್ತದೆ: ಇಂತಿಂಥ ಎಲೆಕ್ಟ್ರೋಡ್ ತಾಗಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿಗೆ ಬರುವವರು ಯಾರು? ತೊಗರಿ ಹೊಲದಲ್ಲಿ ಎಣ್ಣಿ (ಕೀಟನಾಶಕ) ಹೊಡೆಯುತ್ತಾ ವಿಷ ಮೈಗೇರಿದ ಕೂಲಿಯವರು, ಹಳೆಯ ಟಿಬಿಯಿಂದ ಸೊರಗಿದ ಮುದುಕರು. ಪಕ್ಕೆಲುಬು ಎದ್ದು ಕಾಣುವ ಎದೆ, ಕಂಕುಳ ಕೆಳಗೆ ಹಳ್ಳ, ಹಿಂದೆ ಚಾಚಿಕೊಂಡ ಹೆಗಲ ಮೂಳೆ. ಬೆಲ್ಟ್ ಎಲುಬಿನಿಂದ ಎಲುಬಿಗೆ ಸೇತುವೆಯಂತೆ ನಿಲ್ಲುತ್ತದೆ, ನಡುವೆ ಚರ್ಮಕ್ಕೆ ತಾಗುವುದೇ ಇಲ್ಲ. ಬೆಲ್ಟಿನ ಹಿಂದೆ ಗಾಜ್ ಬಟ್ಟೆ ಮಡಿಸಿ ಒತ್ತು ಕೊಟ್ಟರೆ ಚಿತ್ರ ಬರುತ್ತದೆ, ಆದರೆ ಆ ತೆಳು ಚರ್ಮಕ್ಕೆ ಒತ್ತುಹುಣ್ಣಾಗುವ ಭಯ. ಜೆಲ್ ಹೆಚ್ಚು ಹಚ್ಚಿದರೆ ಪಕ್ಕದ ಎಲೆಕ್ಟ್ರೋಡಿಗೆ ಹರಿದು ಎರಡೂ ಒಂದಾಗುತ್ತವೆ. ಸಣ್ಣ ಅಳತೆಯ ಬೆಲ್ಟ್ ಕೇಳಿದರೆ ಸಪ್ಲೈ ಮಾಡುವವರದು ಒಂದೇ ಉತ್ತರ, "ಸ್ಟಾಕ್ ಇಲ್ರಿ ಸಿಸ್ಟರ್, ಹೈದರಾಬಾದಿನಿಂದ ಬರ್ಬೇಕು." ಬಂದರೆ ಮಧ್ಯಮ ಅಳತೆಯದು ಬರುತ್ತದೆ. ಯಾರಿಗೆ ಇದು ಹೆಚ್ಚು ಬೇಕೋ ಅವರ ಎದೆಗೇ ಇದು ಕೂರುವುದಿಲ್ಲ ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ಮಾತು. ನಡುವೆ ಕೆಲವು ತಿಂಗಳು ಯಂತ್ರ ಮೂಲೆಯಲ್ಲೇ ಇತ್ತು, ಯಾರೂ ಅದರ ತಂಟೆಗೆ ಹೋಗಲಿಲ್ಲ.

ಅದನ್ನು ಮತ್ತೆ ಬೆಡ್ ಹತ್ತಿರ ತಂದದ್ದು ಶಹಾಪುರದ ಕಡೆಯ ಒಬ್ಬ ಅವ್ವನಿಂದಾಗಿ. ಮಗನಿಗೆ ಎರಡೂ ಕಡೆ ನ್ಯುಮೋನಿಯಾ. ಬೋರಲು ಮಲಗಿಸಬೇಕು ಅಂದಾಗ ಆಕೆ ಅಳುತ್ತಾ ನನ್ನ ಕೈ ಹಿಡಿದಳು. "ಬೋರಲು ಹಾಕಿದ್ರ ಇದ್ದ ಉಸರೂ ನಿಲ್ಲಂಗಿಲ್ಲೇನ ಯವ್ವಾ?" ಹುಡುಗನ ಎದೆ ತಕ್ಕಮಟ್ಟಿಗೆ ತುಂಬಿಕೊಂಡಿತ್ತು, ಬೆಲ್ಟ್ ಕೂತಿತು. ತಿರುಗಿಸುವ ಮೊದಲು ಪರದೆಯ ಕೆಳಭಾಗ, ಅಂದರೆ ಬೆನ್ನಿನ ಕಡೆ, ಪೂರ್ತಿ ಕಪ್ಪು. ತಿರುಗಿಸಿ ಬೆಲ್ಟ್ ಮತ್ತೆ ಗೆರೆಗೆ ಸರಿಪಡಿಸಿದೆವು. ಸಂಜೆಯ ಹೊತ್ತಿಗೆ ಅಲ್ಲಿ ನೀಲಿ ಇಣುಕಿತು. ಆಕೆಯನ್ನು ಕರೆದು ಬೆರಳಿಟ್ಟು ತೋರಿಸಿದೆ, "ಮುಂಜಾನಿ ಇಲ್ಲಿಗಿ ಗಾಳಿ ಬರ್ತಿದ್ದಿಲ್ಲ, ಈಗ ಬರ್ಲಕತ್ತದ ನೋಡ್ರಿ." ಅಂದಿನಿಂದ ಆಕೆ ದಿನಾ ಬಂದು ಮಗನ ಮುಖಕ್ಕಿಂತ ಮೊದಲು ಪರದೆ ನೋಡುತ್ತಿದ್ದಳು. ವೆಂಟಿಲೇಟರಿನ ಅಂಕಿಗಳನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಆ ಅವ್ವನಿಗೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಕಂಪನಿಯ ಯಾವ ಹಾಳೆಯಲ್ಲೂ ಈ ಉಪಯೋಗ ಬರೆದಿಲ್ಲ. ನನಗೆ ಮಾತ್ರ ಇದೇ ದೊಡ್ಡದು.

ಒಂದು ಎಚ್ಚರಿಕೆ. ಕಪ್ಪು ಕಂಡರೆ ಅಲ್ಲಿ ಗಾಳಿಯಾಡುತ್ತಿಲ್ಲ ಎಂದಷ್ಟೇ ಅರ್ಥ. ನೀರು ತುಂಬಿದೆಯೋ, ಶ್ವಾಸಕೋಶ ಕುಸಿದಿದೆಯೋ, ಹೊರಗೆ ಗಾಳಿ ಸೋರಿ ಒತ್ತುತ್ತಿದೆಯೋ ಎಂದು ಕಪ್ಪು ಬಣ್ಣವೊಂದೇ ಹೇಳಲಾರದು. ಅದಕ್ಕೆ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಬೇಕೇ ಬೇಕು. ಪೇಸ್‌ಮೇಕರ್ ಇದ್ದವರಿಗೆ ನಾವು ಕಟ್ಟುವುದೇ ಇಲ್ಲ.

ಹಾಗಾಗಿ ಐಸಿಯುನಲ್ಲಿ ಒಳ್ಳೆಯ ಅಲ್ಟ್ರಾಸೌಂಡ್ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ತಗೊಳ್ಳಿ. ಅದು ಇದ್ದು, ವೆಂಟಿಲೇಟರ್ ಬೆಡ್‌ಗಳು ಸದಾ ತುಂಬಿರುತ್ತವೆ ಅಂದರೆ ಇಐಟಿ ತಗೊಳ್ಳಿ, ಆದರೆ ಸಣ್ಣ ಅಳತೆಯ ಬೆಲ್ಟ್‌ಗಳು ಯಂತ್ರದ ಜೊತೆಗೇ ಬರಬೇಕು ಎಂದು ಆರ್ಡರಿನಲ್ಲಿ ಬರೆಸಿ. ಡೆಮೊಗೆ ಬಂದವರು ಸಾಮಾನ್ಯವಾಗಿ ತಮ್ಮ ಜೊತೆಗೆ ಬಂದ ಹುಡುಗನ ಎದೆಗೆ ಕಟ್ಟಿ ತೋರಿಸುತ್ತಾರೆ, ಚಿತ್ರ ಚೆಂದವೇ ಬರುತ್ತದೆ. ಅದನ್ನು ನೋಡಿ ಸಹಿ ಹಾಕಬೇಡಿ. ಮನೆಯವರ ಒಪ್ಪಿಗೆ ಪಡೆದು, ನಿಮ್ಮ ವಾರ್ಡಿನ ತೀರಾ ಬಡಕಲು ರೋಗಿಗೆ ಕಟ್ಟಿಸಿ, ಎಲ್ಲ ಎಲೆಕ್ಟ್ರೋಡ್ ತಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡಿನ ಮಾತು ಆಡಿ.