ಹೆಸರು ಖಚಿತವಿಲ್ಲದಾಗ ಐನ್ಯಾಚುರಲಿಸ್ಟ್

ಐನ್ಯಾಚುರಲಿಸ್ಟ್ ಎಂಬುದು ಜನರು ತಾವು ಕಂಡ ಜೀವಿಗಳ ಚಿತ್ರ ಹಾಕಿ, ಒಟ್ಟಾಗಿ ಅವುಗಳ ಹೆಸರು ಗುರುತಿಸುವ ಆನ್‌ಲೈನ್ ಸೇವೆ. ಪ್ರಭೇದ ತಿಳಿಯದಿದ್ದಾಗ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರಿಗೇ ನಿಲ್ಲಲು ಬಿಡುವುದು ಇದರ ದೊಡ್ಡ ಗುಣ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ, ಅಂದರೆ ರಾವೋರ್ಕೆಸ್ಟಿಸ್ ಕುಲದಲ್ಲಿ, ಕೂಗು ಕೇಳದೆ ಬರೀ ಚಿತ್ರದಿಂದ ಬೇರ್ಪಡಿಸಲು ಕಷ್ಟವಾದ ಪ್ರಭೇದಗಳು ಹಲವಿರುವುದರಿಂದ, ಹಾಗೆ ನಿಲ್ಲುವುದೇ ಪ್ರಾಮಾಣಿಕವಾದದ್ದು. ಧ್ವನಿಮುದ್ರಣವನ್ನೂ ಸೇರಿಸಬಹುದೆಂಬುದು ಇಲ್ಲಿ ನಿಜವಾದ ಉಪಕಾರ.

ಆದರೆ ಅನಿಶ್ಚಿತತೆಯಲ್ಲೂ ಬಗೆಗಳಿವೆ. ವರ್ಗೀಕರಣ ತಜ್ಞರು ಹೆಸರಿನ ನಡುವೆ ‘ಸಿಎಫ್.’ ಎಂದು ಬರೆದರೆ ಮಾದರಿ ಬಹುಶಃ ಆ ಪ್ರಭೇದವೇ, ಹೋಲಿಸಿ ಖಚಿತಪಡಿಸಿಕೊಳ್ಳಬೇಕು ಎಂದರ್ಥ, ‘ಎಎಫ್‌ಎಫ್.’ ಎಂದರೆ ಅದಕ್ಕೆ ಹತ್ತಿರದ್ದಾದರೂ ಬೇರೆಯದು, ಪ್ರಾಯಶಃ ಇನ್ನೂ ಹೆಸರಿಡದ ಪ್ರಭೇದ. ಈ ಸೂಕ್ಷ್ಮವನ್ನು ಹೆಸರಿನ ಜಾಗದಲ್ಲಿ ದಾಖಲಿಸಲಾಗದು, ಟಿಪ್ಪಣಿಯಲ್ಲೇ ಬರೆಯಬೇಕು. ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ದಾಖಲೆ ‘ಸಂಶೋಧನಾ ದರ್ಜೆ’ಗೆ, ಅಂದರೆ ಸಂಶೋಧನೆಗೆ ಬಳಸಬಹುದಾದಷ್ಟು ಖಚಿತವೆಂಬ ದರ್ಜೆಗೆ, ಏರುವುದರಿಂದ, ಕಂಪ್ಯೂಟರ್ ಸೂಚಿಸಿದ ಹೆಸರನ್ನು ಇಬ್ಬರೇ ಪರಿಶೀಲಿಸದೆ ಒಪ್ಪಿದರೂ ಅನುಮಾನದ ಗುರುತೇ ಉಳಿಯದೆ ಹೋಗಬಹುದು. ಇದು ನನಗೆ ಗಂಭೀರ ಕೊರತೆಯಾಗಿ ತೋರುತ್ತದೆ.

ಇಷ್ಟಾದರೂ ಕ್ಷೇತ್ರ ದಾಖಲೆಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹೆಸರನ್ನು ಕುಲದ ಮಟ್ಟದಲ್ಲಿಟ್ಟು ಸಂದೇಹದ ಕಾರಣವನ್ನು ಟಿಪ್ಪಣಿಯಲ್ಲಿ ಬರೆದಿಟ್ಟರೆ, ಮುಂದೆ ಆ ಗುಂಪನ್ನು ಅಧ್ಯಯನ ಮಾಡುವವರು ಅದನ್ನು ಸರಿಯಾದ ಪ್ರಭೇದಕ್ಕೆ ಸೇರಿಸಬಲ್ಲರು.